ಆರ್ಮಾಸನ ಕಾರಿನ ಎಂಜಿನ್

ಫಿನ್‌ಲ್ಯಾಂಡಿನ ಆ ವಾಹನ ತಪಾಸಣೆ ಕೇಂದ್ರದಲ್ಲಿ ಸರದಿಗೆ ಕಾಯುತ್ತಿದ್ದ ಇರ್ಯಾಳ ಪಕ್ಕದಲ್ಲೇ ತೌನೊ, ವೈನೊ ಎಂಬ ಇಬ್ಬರು ಮುದುಕರು ಕಾಫಿ ಹಿಡಿದು ಕೂತಿದ್ದರು. ಅವಳು ಫೋನು ನೋಡುವವಳಂತೆ ತಲೆ ತಗ್ಗಿಸಿ ಕಿವಿ ಅತ್ತಲೇ ಇಟ್ಟಳು.

“ಕಾರು ಮತ್ತೆ ಫೇಲಾ, ತೌನೊ?”

“ಹ್ಞೂಂ. ಎಂಜಿನ್ ರಿಪೇರಿ ಮಾಡಿಸು, ಇಲ್ಲಾ ಬೇರೇದು ಕೂರಿಸು ಅಂದ್ರು.”

“ಬೇರೇದೇ ಕೂರಿಸು ಮಾರಾಯ. ಅದನ್ನ ಬಿಚ್ಚಿದ್ರೆ ಮತ್ತೆ ಜೋಡಿಸೋರು ಯಾರು?”

“ಈ ಮಾಡೆಲ್‌ದು ಊರಿಗೆಲ್ಲ ಇನ್ನೊಂದೇ ಇರೋದು, ಆರ್ಮಾಸನ ಕಾರಲ್ಲಿ.”

“ಅವನು ಇವತ್ತೋ ನಾಳೆನೋ ಅಂತ ಆಸ್ಪತ್ರೇಲಿ ಮಲಗಿದಾನಲ್ಲ.”

“ಅದಕ್ಕೇ ಕಾಯ್ತಿದೀನಿ.”

“ಓ, ವಾರವಾರ ಏಲಕ್ಕಿ ಬನ್ನು ಹಿಡ್ಕೊಂಡು ನೋಡೋಕೆ ಹೋಗೋದು ಇದಕ್ಕಾ? ಪಾದ್ರಿಯಮ್ಮ ಚರ್ಚಲ್ಲಿ ನಿನ್ನ ಹೊಗಳಿದ್ದೇ ಹೊಗಳಿದ್ದು.”

“ಬರಿಗೈಲಿ ಹೋಗೋಕಾಗುತ್ತಾ? ಕಾರಿನ ಕೀ ಎಲ್ಲಿಟ್ಟಿದೀಯಮ್ಮ ಅಂತ ಅವನ ಹೆಂಡ್ತೀನೂ ಕೇಳಿಟ್ಟಿದೀನಿ.”

“ನಿನ್ನೆ ಹೇಗಿದ್ದ?”

ತೌನೊ ಲೋಟದ ತಳ ನೋಡಿದ.

“ಎದ್ದು ಕೂತಿದ್ದ. ನಾಲ್ಕೂ ಬನ್ನು ತಿಂದ. ಸೌನಾದ ಹಬೆಸ್ನಾನಕ್ಕೆ ಯಾವಾಗ ಹೋಗೋಣ ಅಂತ ಕೇಳ್ದ.”

“ಹಂಗಾದ್ರೆ?”

“ಹಂಗಾದ್ರೇನು, ರಿಪೇರಿನೇ ಗತಿ,” ಎಂದು ತೌನೊ ನಿಟ್ಟುಸಿರುಬಿಟ್ಟು ಬಾಗಿಲತ್ತ ನಡೆದ.