ಬಚ್ಚಲ ಬಾಗಿಲು

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಕ್ಕ, ತಮ್ಮ ಕೂತಿದ್ದರು. ಅವರಮ್ಮ ಒಳಗೆ ವ್ಯಾಯಾಮದ ಕೋಣೆಯಲ್ಲಿದ್ದರು. ತಮ್ಮನ ತೊಡೆಯ ಮೇಲೆ ಹೊಸ ಮನೆಯ ನಕ್ಷೆ. ಕಾಲು ಒಂದೇ ಸಮನೆ ಅಲುಗುತ್ತಿತ್ತು.

"ಮಣ್ಣಿನ ಇಟ್ಟಿಗೆ ಅಕ್ಕಾ, ಬೇಸಿಗೇಲೂ ಫ್ಯಾನ್ ಬೇಡ. ಮಳೆನೀರೆಲ್ಲ ತೊಟ್ಟಿಗೆ. ಬಣ್ಣಕ್ಕೆ ವಾಸನೇನೇ ಇಲ್ಲ, ಅಮ್ಮಂಗೆ ಕೆಮ್ಮು ಬರಲ್ಲ."

"ಅದೆಲ್ಲ ಸರಿ. ಬಚ್ಚಲ ಬಾಗಿಲು ಎಷ್ಟಗಲ?"

"ಎರಡಡಿ. ಗೋಡೆ ಎದ್ದಾಯ್ತು, ನಾಳೆ ಚೌಕಟ್ಟು ಕೂರಿಸ್ತಾರೆ."

"ಗಾಲಿಕುರ್ಚಿ ಹೋಗುತ್ತೇನೋ?"

"ಧಾರಾಳವಾಗಿ. ನಾನೇ ಟೇಪ್ ಹಿಡಿದು ಅಳೆದಿದ್ದೀನಿ. ಕುರ್ಚಿ ಒಂದಡಿ."

"ಒಂದಡೀಲಿ ಅಮ್ಮ ಹೇಗೋ ಕೂರ್ತಾಳೆ? ಯಾವಾಗ ಅಳೆದೆ?"

"ಅಮ್ಮ ಮಲಗಿದ್ದಾಗ. ಬೀರು ಪಕ್ಕ ನೀನೇ ಒರಗಿಸಿಟ್ಟಿದ್ಯಲ್ಲ..."

"ಮಡಚಿ ಇಟ್ಟಿದ್ದೆ ಕಣೋ, ಪುಣ್ಯಾತ್ಮ!"

ತಮ್ಮನ ಕಾಲು ಅಲುಗುವುದು ನಿಂತಿತು. ಅಷ್ಟರಲ್ಲಿ ಅಮ್ಮ ತಾವೇ ಗಾಲಿ ತಳ್ಳಿಕೊಂಡು ಹೊರಗೆ ಬಂದರು. ಮಗ ಮಂಡಿಯೂರಿ ಈ ಗಾಲಿಯಿಂದ ಆ ಗಾಲಿಗೆ ಗೇಣು ಹಾಕಿದ. ಮೂರು ಗೇಣು, ಎರಡಡಿಗಿಂತ ಹೆಚ್ಚು.

"ಏನೋ ಅದು?"

ಅಕ್ಕ ಎಲ್ಲ ಹೇಳಿದಳು. ತಮ್ಮ ಆಗಲೇ ಮೇಸ್ತ್ರಿಗೆ ಫೋನ್ ಮಾಡುತ್ತ ಮೆಟ್ಟಿಲತ್ತ ಓಡುತ್ತಿದ್ದ. ಅಮ್ಮ ಇಳಿಜಾರಿನ ಕಡೆಗೆ ಗಾಲಿ ತಿರುಗಿಸಿದರು.

"ಅವನಿಗೆ ಹೇಳೇ, ಗೋಡೆ ಒಡೆಯೋಕೆ ಮನಸ್ಸಿಲ್ಲದಿದ್ರೆ ನನ್ನನ್ನೂ ಮಡಚಲಿ."