ಹದಿನೇಳನೆಯ ಸಂಪರ್ಕ

ಆಸ್ಪತ್ರೆಯಲ್ಲಿ ಎಲ್ಲರೂ ಸರ್ವರ್ ಸರ್ ಎಂದು ಕರೆಯುವ ನಾನು, ವಯಸ್ಸು 43 ವರ್ಷ, ಉದ್ಯೋಗ ಆಸ್ಪತ್ರೆಯ ಸರ್ವರ್ ನಿರ್ವಹಣೆ, ವಾಸ ಆಸ್ಪತ್ರೆಯ ಹಿಂದಿನ ಸಿಬ್ಬಂದಿ ವಸತಿ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ,

ನಮ್ಮ ಎಲ್ಲ ವಾರ್ಡುಗಳಿಗೂ ಸೇರಿ, ಆಸ್ಪತ್ರೆಯ ದಾಖಲೆಗಳೆಲ್ಲ ಇರುವ ಡೇಟಾಬೇಸ್‌ಗೆ ಇಪ್ಪತ್ತೇ ಸಂಪರ್ಕಗಳಿವೆ. ಬೇಕಾದವರು ಒಂದನ್ನು ತೆಗೆದುಕೊಂಡು, ಕೆಲಸ ಮುಗಿಸಿ ವಾಪಸ್ ಬಿಡಬೇಕು. ಅರ್ಧಕ್ಕೆ ಎದ್ದುಹೋದರೆ ಐದು ನಿಮಿಷಕ್ಕೆ ಸರ್ವರ್ ತಾನೇ ಅದನ್ನು ಕಿತ್ತುಕೊಂಡು, ಅರ್ಧ ಕೆಲಸವನ್ನು ರದ್ದು ಮಾಡುತ್ತಿತ್ತು. ಸೋಮವಾರ ಎರಡನೇ ಮಹಡಿಯ ಸಿಸ್ಟರ್ ಬಂದು, ರೋಗಿಯನ್ನು ನೋಡಿ ಬರುವಷ್ಟರಲ್ಲಿ ಬರೆದದ್ದೆಲ್ಲ ಹೋಗಿರುತ್ತದೆ, ನಿಮಗೇನು, ಏಸಿಯಲ್ಲಿ ಕೂತಿರುತ್ತೀರಿ ಎಂದು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ಬೈಸಿಕೊಳ್ಳುವುದು ನನ್ನಿಂದಾಗದ ಕೆಲಸ. ಐದು ನಿಮಿಷದ ಮಿತಿಯನ್ನೇ ತೆಗೆದುಹಾಕಿದೆ.

ಗುರುವಾರ ಬೆಳಿಗ್ಗೆ 10.15ಕ್ಕೆ ಅದೇ ಸಿಸ್ಟರ್ ಮರುದಿನದ ಆಪರೇಷನ್‌ಗೆಂದು ಓ ನೆಗೆಟಿವ್ ರಕ್ತದ ಚೀಲ ಕಾಯ್ದಿರಿಸಲು ಹೊರಟು, ಕೊನೆಯ ಗುಂಡಿ ಒತ್ತುವ ಮೊದಲೇ ಯಾರೋ ಕರೆದರೆಂದು ಎದ್ದುಹೋದರು. ಚೀಲದ ದಾಖಲೆ ಹದಿನೇಳನೆಯ ಸಂಪರ್ಕದಲ್ಲಿ ಸಿಕ್ಕಿಕೊಂಡು, ಬೇರೆ ಯಾರೂ ಅದನ್ನು ಮುಟ್ಟದಂತಾಯಿತು. ಆ ಗುಂಪಿನದು ಇದ್ದದ್ದೇ ಅದೊಂದು.

10.40ಕ್ಕೆ ಹೆರಿಗೆ ಕೋಣೆಯವರು ರಕ್ತಸ್ರಾವ ನಿಲ್ಲದ ಬಾಣಂತಿಯೊಬ್ಬರಿಗೆ ಅದೇ ರಕ್ತ ಕೇಳಿದರು. ಚೀಲ ಹೊರಗೆ ಕೊಡುವ ಚೀಟಿ ಮುದ್ರಿಸಲು ಹೋದ ರಕ್ತನಿಧಿಯ ಅಕ್ಕನ ಪರದೆ ನಿಂತುಬಿಟ್ಟಿತ್ತು. 10.48ಕ್ಕೆ ಅವರು ನನಗೆ ಫೋನ್ ಮಾಡಿ, ‘ಚೀಲ ಕಣ್ಣೆದುರಿಗೇ ಇದೆಯಪ್ಪಾ, ಕೊಟ್ಟುಬಿಡ್ಲಾ?’ ಎಂದರು. ಚೀಟಿ ಇಲ್ಲದೆ ಕೊಟ್ಟರೆ ಇಬ್ಬರ ತಲೆಗೂ ಬರುತ್ತದೆ, ಐದು ನಿಮಿಷ ತಡೆಯಿರಿ, ತಾನೇ ಸರಿಹೋಗುತ್ತದೆ ಎಂದೆ. ಮಿತಿಯನ್ನು ನಾನೇ ತೆಗೆದದ್ದು ಆಗ ನೆನಪಿಗೆ ಬರಲಿಲ್ಲ. ಬಾಣಂತಿಯ ಗಂಡ ರಕ್ತನಿಧಿಯ ಕಿಟಕಿಯ ಹೊರಗೆ ನಿಂತು, ಆರು ಅಡಿ ದೂರದ ಫ್ರಿಜ್‌ನ ಗಾಜಿನೊಳಗೆ ಆ ಚೀಲವನ್ನು ನೋಡುತ್ತಲೇ ಇದ್ದರಂತೆ.

11.14ಕ್ಕೆ ಕಾರಿಡಾರ್‌ನಲ್ಲಿ ಅಳು ಕೇಳಿಸಿತು. ಸಂಪರ್ಕಗಳ ಪಟ್ಟಿ ತೆರೆದು ನೋಡಿದೆ. ಹದಿನೇಳನೆಯದು 59 ನಿಮಿಷದಿಂದ ಹಾಗೇ ಇತ್ತು. ಕಡಿದೆ. ಎರಡು ಸೆಕೆಂಡಿಗೆ ಅಕ್ಕನ ಚೀಟಿ ಹೊರಬಂತಂತೆ. ಬಾಣಂತಿ 11.09ಕ್ಕೇ ತೀರಿಕೊಂಡಿದ್ದರು, ವಯಸ್ಸು 24. ಕಡಿದದ್ದರಿಂದ ಸಿಸ್ಟರ್‌ಗೆ ಆದ ನಷ್ಟ ನಾಲ್ಕು ಸಾಲು ಟೈಪಿಂಗ್. 11.30ಕ್ಕೆ ಮಿತಿಯನ್ನು ಮತ್ತೆ ಹಾಕಿ, ಬಾಯಿ ಮುಚ್ಚಿಕೊಂಡು ಕೂತೆ.

ರಕ್ತ ಕೊಡಲಿಲ್ಲವೆಂಬ ಗಂಡನ ದೂರಿನ ಮೇಲೆ ತಾವು ನಿನ್ನೆ ಅಕ್ಕನನ್ನು ಕರೆತಂದಿದ್ದೀರಿ. ನನಗೆ ಫೋನ್ ಮಾಡಿದ್ದನ್ನು ಅವರು ಹೇಳಿಲ್ಲ. ಯಾಕೆಂದು ಇಲ್ಲಿಗೆ ಬಂದಾಗ ನಾನು ಕೇಳಿದರೆ, ನಿನಗಿನ್ನೂ ಚಿಕ್ಕ ಮಕ್ಕಳಿದ್ದಾರೆ ಎಂದಷ್ಟೇ ಹೇಳಿದರು. ನನಗೆ ನಾಚಿಕೆಯಾಗಿದೆ. ಅವರು ಕೊಡಲು ಸಿದ್ಧರಿದ್ದರು, ಬೇಡವೆಂದವನು ನಾನು.

ಮೇಲಿನದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ಎದುರಿನ ಬೆಂಚಿನಲ್ಲಿರುವ ಅಕ್ಕನನ್ನು ಈಗಲಾದರೂ ಮನೆಗೆ ಕಳುಹಿಸುತ್ತೀರಾ ಎಂದು ಕೇಳಿದ್ದಕ್ಕೆ, ಮೇಲಿನಿಂದ ಕಾಗದ ಬರಬೇಕು, ಸ್ವಲ್ಪ ತಡೆಯಿರಿ ಎಂದು ತಾವು ಹೇಳಿದ್ದೀರಿ. ಅದನ್ನೂ ಇದರಲ್ಲಿ ಬರೆಸಿದ್ದೇನೆ.

ಸ್ಥಳ: ಠಾಣೆ
ದಿನ: ಭಾನುವಾರ, ಬೆಳಿಗ್ಗೆ 11.10
ಹೇಳಿಕೆ ಕೊಟ್ಟವನ ಸಹಿ