ಅಪ್ಪಟ ಹತ್ತಿ

...ನಗಬೇಡ ಕಣೇ, ಪೂರ್ತಿ ಕೇಳು! ತಾತ ಆದವನು ಕುಣೀಬಾರದು ಅಂತ ಯಾವ ಕಾನೂನಿದೆ? ಸಂಜೆ ಮಗಳು ಮಗು ಎತ್ತಿಕೊಂಡು ಆ ಬಾಗಿಲಲ್ಲಿ ಬರ್ತಾಳೆ, ನಾನು ಕಾಲ ಮೇಲೆ ಕಾಲು ಹಾಕ್ಕೊಂಡು ಪೇಪರ್ ಓದ್ಲಾ? ಆಗಲ್ಲಪ್ಪ!

ನೋಡು, ನೀನು ಹೊರಗೆ ಹೋಗಿ ಬರೋದ್ರೊಳಗೆ ಎಲ್ಲಾ ಪರೀಕ್ಷೆ ಮಾಡಿಟ್ಟಿದೀನಿ. ತೊಟ್ಟಿಲ ಬಟ್ಟೆ, ಹತ್ತಿ. ಟವೆಲು, ಹತ್ತಿ. ಟೋಪಿ, ಹತ್ತಿ. ಆಮೇಲೆ ಆ ಕೈಗವಸು... ಅಬ್ಬಾ, ನೋಡಿದೆಯಾ ಅದನ್ನ? ನನ್ನ ಹೆಬ್ಬೆರಳೂ ಹೋಗಲ್ಲ! ಹ್ಞಾಂ? ಹೌದು, ಹಾಕಿ ನೋಡಿದೆ. ಅದಕ್ಯಾಕೆ ಹಣೆ ಚಚ್ಚಿಕೊಳ್ತೀ?

ವಾಸನೆಯಾ? ಏನು ವಾಸನೆ? ಓ... ಅದಾ... ಹಳೇ ಪೇಪರ್ ಸುಟ್ಟೆ, ಅಷ್ಟೇ. ಕಿಟಕಿ ತೆಗೆದಿದೀನಲ್ಲ, ಹೋಗುತ್ತೆ ಬಿಡು. ನೆಲ ಒದ್ದೆಯಾ? ಒರೆಸಿದೆ! ಯಾಕೆ, ನಾನು ಒರೆಸಬಾರದಾ?

ಹೊದಿಕೆಯಾ? ಮಗುವಿಗೆ ಅಂತ ನೀನು ಹೊಲಿದಿದ್ದಾ? ಇದೆ, ಇದೆ, ಎಲ್ಲಿಗೆ ಹೋಗುತ್ತೆ? ನನ್ನ ಬೆನ್ನ ಹಿಂದೆ ಏನೂ ಇಲ್ಲ, ಸುಮ್ಮನೆ ದಿಂಬು... ನೀನು ಕೂತ್ಕೋ ಮೊದಲು. ಇವತ್ತು ನಾನು ಸೋಲೊಪ್ಪಿಕೊಳ್ತಿದೀನಿ! ಬಟ್ಟೆ ಗಿರಣಿಯ ಪರೀಕ್ಷಾ ಕೋಣೆಯಲ್ಲೇ ತಲೆ ನರೆಸಿಕೊಂಡವನು ಹೆಂಡತಿ ಮುಂದೆ ಸೋತ! 'ಇಷ್ಟು ಹೊಳೆಯೋದು ಹತ್ತಿಯಲ್ಲ, ಅಂಗಡಿಯವನು ನಿನಗೆ ಟೋಪಿ ಹಾಕಿದ' ಅಂತ, ನೀನು ಹೊಲೀತಾ ಕೂತಷ್ಟು ದಿನವೂ ಗೊಣಗಿದೆನಲ್ಲ? ತಪ್ಪು! ನೂರಕ್ಕೆ ನೂರು ಹತ್ತಿ ಅದು. ಬೆವರು ಹೀರುತ್ತೆ, ಗಾಳಿ ಆಡುತ್ತೆ, ಒಗೆದಷ್ಟೂ ಮೆತ್ತಗಾಗುತ್ತೆ. ಗೆದ್ದೆ ಕಣೇ ನೀನು!

ಹೇಗೆ ಗೊತ್ತಾಯ್ತಾ? ಅದೇನು ಬ್ರಹ್ಮವಿದ್ಯೆಯೇ! ಒಂದು ನೂಲು ಎಳೆದು ಕಡ್ಡಿ ಗೀರಿದರೆ ಆಯ್ತು. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗುತ್ತೆ. ಹತ್ತಿ ಹಾಗಲ್ಲ. ಭಗ್ ಅಂತ ಉರಿಯುತ್ತೆ, ಬೂದಿ ಉಜ್ಜಿದರೆ ಪೌಡರ್ ಥರ ನಯ, ಆಮೇಲೆ ಆ ವಾಸನೆ, ಥೇಟ್ ಪೇಪರ್ ಸುಟ್ಟ...

...

ಆ ದಿಂಬು ಯಾಕೆ ಎಳೀತೀ?

ಬೈಯೋದಾದರೆ ಬೈದುಬಿಡು. ನೂಲು ಎಳೆದೆ ಕಣೇ, ನಿಜವಾಗ್ಲೂ ಎಳೆದೆ! ನೀನು ಹಾಕಿರೋ ಹೊಲಿಗೆಗೆ ಅದು ಜಪ್ಪಯ್ಯ ಅಂದರೂ ಬಿಟ್ಟು ಬರಲಿಲ್ಲ. ಅಂಚಿಗೇ ಕಡ್ಡಿ ತೋರಿಸಿದೆ... ಒಂದೇ ಮೂಲೆ. ಅಂಗೈಯಗಲ, ಅಷ್ಟೇ. ತಕ್ಷಣ ನೀರು ಸುರಿದೆ. ತಗೋ... ನೋಡು.

ಕನ್ನಡಕ ಯಾಕೆ ಹಾಕ್ಕೊಂಡೆ? ಕತ್ತರಿ ಯಾಕೆ? ನನ್ನನ್ನೇ ಯಾಕೆ ಹಾಗೆ... ಅಯ್ಯೋ, ಈ ಅಂಗಿ ಬೇಡ ಮಾರಾಯ್ತಿ! ಮಗುವನ್ನ ಎತ್ತಿಕೊಳ್ಳೋಕೆ ಅಂತಲೇ ಇಸ್ತ್ರಿ ಮಾಡಿ ಹಾಕ್ಕೊಂಡಿದೀನಿ. ಹಳೇದಾದರೂ ನನ್ನ ಹತ್ರ ಇರೋದರಲ್ಲಿ ಇದೇ ಚೆನ್ನಾಗಿರೋದು, ಅಪ್ಪಟ ಹತ್ತಿ...

ಹೂಂ. ನಾನೇ ಹೇಳಿಬಿಟ್ಟೆ.

ಸರಿ, ತೇಪೆಗೆ ಕತ್ತರಿಸು. ಬೆನ್ನಿಂದ ಬೇಡ, ಜೇಬಿನ ಪಕ್ಕದಿಂದ ತಗೋ. ಒಗೆದು ಒಗೆದು ಅಲ್ಲಿ ಬೆಣ್ಣೆ ಆಗಿದೆ. ಮಗುವಿನ ಕೆನ್ನೆ ತಾಗೋ ಮೂಲೆ ಅದು.